ಕಣ್ಣ ಕೆಳಗೆ ಊತ, ಬೇರು ಬಾಯೊಳಗೆ: ತೋಟದ ನಾಯಿಯ ಹಲ್ಲಿನ ಗುಪ್ತ ತೊಂದರೆಗಳು



ಹಸು, ಎಮ್ಮೆ, ಕುರಿ, ಕೋಳಿ ಬಗ್ಗೆ ನಾವು ಎಷ್ಟು ಬೇಕಾದ್ರೂ ಮಾತಾಡ್ತೀವಿ. ತೋಟ ಕಾಯೋ ನಾಯಿ ಬಗ್ಗೆ ಮಾತ್ರ ಮಾತು ಕಡಿಮೆ. ರಾತ್ರಿ ಹಂದಿ ಬಂದ್ರೆ ಮೊದಲು ಎದ್ದು ಬೊಗಳೋದು ಅದೇ. ಕೋತಿ ಹಿಂಡು ತೆಂಗಿನ ಮರ ಹತ್ತೋ ಮೊದಲೇ ಅಟ್ಟಿಸಿಕೊಂಡು ಹೋಗೋದು ಅದೇ. ಅದಕ್ಕೆ ಕಾಲಿಗೆ ಮುಳ್ಳು ಚುಚ್ಚಿದ್ರೆ ಕಾಣುತ್ತೆ, ಮೈಯಲ್ಲಿ ಉಣ್ಣೆ ಹತ್ತಿದ್ರೆ ಕಾಣುತ್ತೆ. ಆದರೆ ಬಾಯೊಳಗೆ ಏನಾಗಿದೆ ಅಂತ ನಮ್ಮಲ್ಲಿ ಎಷ್ಟು ಜನ ನೋಡಿದ್ದೀವಿ? ವರ್ಷಗಟ್ಟಲೆ ಹಲ್ಲು ನೋವಲ್ಲೇ ಕಾವಲು ಕಾಯೋ ನಾಯಿಗಳು ನಮ್ಮ ಸುತ್ತ ತುಂಬಾ ಇವೆ.

ಈ ವಾರದ ಲೇಖನ ಅದರ ಬಗ್ಗೆ. ನಾನು ಓದಿದ್ದು ತೋಟಗಾರಿಕೆ, ಪಶುವೈದ್ಯಕೀಯ ಅಲ್ಲ. ಹಾಗಾಗಿ ಇಲ್ಲಿ ಔಷಧದ ಹೆಸರು, ಡೋಸ್ ಯಾವುದೂ ಇರಲ್ಲ. ಹಲ್ಲಿನ ತೊಂದರೆ ಹೇಗೆ ಅಡಗಿರುತ್ತೆ, ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ, ಯಾವ ಲಕ್ಷಣ ಕಂಡರೆ ತಡಮಾಡದೆ ವೈದ್ಯರ ಹತ್ರ ಹೋಗಬೇಕು ಅನ್ನೋದು ಮಾತ್ರ ಇರುತ್ತೆ.

ಹಲ್ಲಿನ ದೊಡ್ಡ ಭಾಗ ಒಳಗಿರುತ್ತೆ

ಬೆಳೆದ ನಾಯಿಗೆ 42 ಹಲ್ಲು. ಮೇಲಿನ ದವಡೆಯಲ್ಲಿ 20, ಕೆಳಗಿನದರಲ್ಲಿ 22. ಮರಿಗೆ 28 ಹಾಲುಹಲ್ಲು ಇರುತ್ತವೆ, ಸುಮಾರು 6-7 ತಿಂಗಳಿಗೆ ಅವೆಲ್ಲ ಬಿದ್ದು ಶಾಶ್ವತ ಹಲ್ಲು ಬಂದಿರಬೇಕು. ಮುಂದೆ ಸಣ್ಣ ಬಾಚಿ ಹಲ್ಲುಗಳು, ಅದರ ಪಕ್ಕ ನಾಲ್ಕು ಕೋರೆ ಹಲ್ಲು, ಹಿಂದಕ್ಕೆ ಹೋದಂತೆ ದವಡೆ ಹಲ್ಲುಗಳು.

ಹೊರಗೆ ಕಾಣೋ ಕೋರೆ ಹಲ್ಲು ನೋಡಿ ಇಷ್ಟೇ ಅಂದ್ಕೋಬೇಡಿ. ಅದರ ಬೇರು ಹೊರಗಿನ ಭಾಗಕ್ಕಿಂತ ಉದ್ದ, ಮೂತಿಯ ಮೂಳೆಯೊಳಗೆ ಬಾಗಿ ಕೂತಿರುತ್ತೆ. ದವಡೆ ಹಲ್ಲುಗಳಿಗೆ ಎರಡು ಮೂರು ಬೇರು. ಹಲ್ಲಿನ ಒಳಗೆ ತಿರುಳು ಇದೆ, ಅದರಲ್ಲಿ ರಕ್ತನಾಳ, ನರ ಎರಡೂ ಇರುತ್ತವೆ. ಹೊರಗಿನ ಎನಾಮಲ್ ಕವಚ ನಮ್ಮ ಹಲ್ಲಿಗಿಂತ ತೆಳು, 1 ಮಿಲಿಮೀಟರ್ ಕೂಡ ದಪ್ಪ ಇರಲ್ಲ. ಮೂಳೆ ಕಡಿಯೋ ನಾಯಿಯ ಹಲ್ಲು ಕಲ್ಲಿನಂತೆ ಗಟ್ಟಿ ಅನ್ನೋದು ನಮ್ಮ ಭ್ರಮೆ.

ತೆಂಗು, ಅಡಿಕೆಯ ಅಣಬೆ ರೋಗ ಕಂಡವರಿಗೆ ಇದನ್ನ ಅರ್ಥ ಮಾಡಿಕೊಳ್ಳೋದು ಸುಲಭ. ಕಾಂಡದಿಂದ ಕೆಂಪು ಮಿಶ್ರಿತ ಕಂದು ರಸ ಸೋರೋ ಹೊತ್ತಿಗೆ ಬೇರು ಕೊಳೆತು ಎಷ್ಟೋ ಕಾಲ ಆಗಿರುತ್ತೆ. ಹಲ್ಲಿನಲ್ಲೂ ಹಾಗೇ. ಹೊರಗೆ ಊತ ಕಾಣೋ ದಿನ ರೋಗದ ಮೊದಲ ದಿನ ಅಲ್ಲ.

ಪಾಚಿಯಿಂದ ಮೂಳೆವರೆಗೆ

ನಾಯಿ ತಿಂದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಬ್ಯಾಕ್ಟೀರಿಯಾದ ತೆಳು ಪದರ ಕೂರೋಕೆ ಶುರುವಾಗುತ್ತೆ. ಅದನ್ನ ಪಾಚಿ ಅನ್ನೋಣ. ಉಜ್ಜದೆ ಬಿಟ್ಟರೆ ಎರಡು ಮೂರು ದಿನದಲ್ಲೇ ಜೊಲ್ಲಿನಲ್ಲಿರೋ ಖನಿಜ ಸೇರಿ ಅದು ಗಟ್ಟಿಯಾಗುತ್ತೆ. ಹಲ್ಲಿನ ಬುಡದಲ್ಲಿ ಕಾಣೋ ಹಳದಿ, ಕಂದು ಹೆಂಟೆ ಅದೇ. ಒಮ್ಮೆ ಗಟ್ಟಿಯಾದರೆ ಬ್ರಷ್‌ಗೆ ಬರಲ್ಲ.

ಆದರೆ ಕಣ್ಣಿಗೆ ಕಾಣೋ ಹೆಂಟೆಗಿಂತ ವಸಡಿನ ಕೆಳಗೆ ಇಳಿದ ಪಾಚಿಯೇ ಹೆಚ್ಚು ಅಪಾಯ. ಅದು ಹೀಗೆ ಮುಂದುವರಿಯುತ್ತೆ:

- ಮೊದಲ ಹಂತ: ವಸಡು ಕೆಂಪಾಗುತ್ತೆ, ಮುಟ್ಟಿದರೆ ರಕ್ತ. ಮೂಳೆಗೆ ಇನ್ನೂ ಏನೂ ಆಗಿಲ್ಲ. ಸ್ವಚ್ಛ ಮಾಡಿದರೆ ಪೂರ್ತಿ ಸರಿಹೋಗುತ್ತೆ.
- ಎರಡನೇ ಹಂತ: ಹಲ್ಲನ್ನು ಹಿಡಿದಿರೋ ಮೂಳೆ ಮತ್ತು ನಾರಿನಲ್ಲಿ ಕಾಲು ಭಾಗದವರೆಗೆ ನಷ್ಟ.
- ಮೂರನೇ ಹಂತ: ಕಾಲು ಭಾಗದಿಂದ ಅರ್ಧದವರೆಗೆ ನಷ್ಟ. ವಸಡು, ಹಲ್ಲಿನ ಮಧ್ಯೆ ಆಳವಾದ ಸಂದು, ಅದರಲ್ಲಿ ಕೀವು.
- ನಾಲ್ಕನೇ ಹಂತ: ಅರ್ಧಕ್ಕಿಂತ ಹೆಚ್ಚು ನಷ್ಟ. ಸಾಮಾನ್ಯವಾಗಿ ಹಲ್ಲು ಉಳಿಯಲ್ಲ.

ಹೋದ ಮೂಳೆ ತಾನಾಗಿ ವಾಪಸ್ ಬರಲ್ಲ. ಮೊದಲ ಹಂತಕ್ಕೂ ಉಳಿದವಕ್ಕೂ ಇರೋ ದೊಡ್ಡ ವ್ಯತ್ಯಾಸ ಇದು. ಮೂರು ವರ್ಷ ದಾಟಿದ ಹೆಚ್ಚಿನ ನಾಯಿಗಳಲ್ಲಿ ವಸಡಿನ ರೋಗ ಒಂದಲ್ಲ ಒಂದು ಹಂತದಲ್ಲಿ ಇರುತ್ತೆ. ಪೊಮೆರೇನಿಯನ್‌ನಂಥ ಚಿಕ್ಕ ತಳಿಗಳಲ್ಲಿ ಇನ್ನೂ ಹೆಚ್ಚು, ಯಾಕಂದ್ರೆ ಸಣ್ಣ ದವಡೆಯಲ್ಲಿ ಅಷ್ಟೇ 42 ಹಲ್ಲು ಒತ್ತೊತ್ತಾಗಿ ಕೂತಿರುತ್ತವೆ.

ನಾಯಿ ನೋವನ್ನ ಹೇಳಲ್ಲ

"ಚೆನ್ನಾಗಿ ಊಟ ಮಾಡ್ತಿದೆ, ಹಲ್ಲು ನೋವಿದ್ರೆ ತಿಂತಿತ್ತಾ?" ಎಲ್ಲರೂ ಕೇಳೋ ಪ್ರಶ್ನೆ ಇದು. ಹೌದು, ತಿನ್ನುತ್ತೆ. ಹಸಿವಿಗಿಂತ ನೋವು ದೊಡ್ಡದಾದಾಗ ಮಾತ್ರ ನಾಯಿ ಊಟ ಬಿಡೋದು, ಅಲ್ಲಿವರೆಗೆ ಹೇಗೋ ದಾರಿ ಕಂಡುಕೊಳ್ಳುತ್ತೆ. ಮುದ್ದೆ, ಅನ್ನ ಹಾಕೋ ಮನೆಗಳಲ್ಲಂತೂ ಇದು ಗೊತ್ತೇ ಆಗಲ್ಲ. ಮುದ್ದೆಯನ್ನ ಅಗಿಯೋ ಅಗತ್ಯವೇ ಇಲ್ಲ, ನಾವು ನುಂಗೋ ಹಾಗೆ ಅದೂ ನುಂಗುತ್ತೆ.

ಹಾಗಾಗಿ ತಟ್ಟೆ ಖಾಲಿ ಆಯ್ತಾ ಅಂತ ನೋಡಿದ್ರೆ ಸಾಲದು, ಹೇಗೆ ತಿಂತು ಅಂತ ನೋಡಬೇಕು. ಗಮನಿಸಬೇಕಾದ್ದು:

- ತಲೆ ಓರೆ ಮಾಡಿ ಒಂದೇ ಕಡೆ ಅಗಿಯೋದು
- ಬಾಯಿಗೆ ತಗೊಂಡಿದ್ದನ್ನ ಕೆಳಗೆ ಬಿಟ್ಟು ಮತ್ತೆ ತಗೊಳ್ಳೋದು
- ಮೊದಲು ಇಷ್ಟಪಟ್ಟು ಕಡೀತಿದ್ದ ಮೂಳೆ, ಕೊಬ್ಬರಿ ಚೂರನ್ನ ಮೂಸಿ ಬಿಟ್ಟು ಹೋಗೋದು
- ಬಾಯಿಂದ ತಡೆಯಲಾಗದ ವಾಸನೆ
- ಜೊಲ್ಲಿನಲ್ಲಿ, ನೀರಿನ ಬೋಗುಣಿಯಲ್ಲಿ ರಕ್ತದ ಎಳೆ
- ಮುಂಗಾಲಿನಿಂದ ಮುಖ ಕೆರೆದುಕೊಳ್ಳೋದು, ಮುಖವನ್ನ ನೆಲಕ್ಕೆ ಉಜ್ಜೋದು
- ಒಂದೇ ಹೊಳ್ಳೆಯಿಂದ ಸಿಂಬಳ, ಕೀವು, ಪದೇ ಪದೇ ಸೀನು
- ತಲೆ ಸವರಲು ಹೋದ್ರೆ ಹಿಂದೆ ಸರಿಯೋದು, ಗುರ್ ಅನ್ನೋದು
- ಒಂದು ಕಡೆ ಹಲ್ಲಲ್ಲಿ ಮಾತ್ರ ಹೆಂಟೆ ಜಾಸ್ತಿ ಇರೋದು (ನೋಯೋ ಕಡೆ ಅಗಿಯಲ್ಲ, ಹಾಗಾಗಿ ಅಲ್ಲಿ ಪಾಚಿ ಹೆಚ್ಚು ಕಟ್ಟುತ್ತೆ)

ಇದರಲ್ಲಿ ಸ್ವಭಾವ ಬದಲಾಗೋದನ್ನ ಬಹಳ ಜನ "ವಯಸ್ಸಾಯ್ತು, ಸಿಡುಕು ಬಂತು" ಅಂತ ಬಿಟ್ಟುಬಿಡ್ತಾರೆ. ನೋವಿರೋ ಹಲ್ಲು ಕಿತ್ತ ಮೇಲೆ ನಾಯಿ ಮತ್ತೆ ಮೊದಲಿನ ಹಾಗೆ ಆಗೋದನ್ನ ಸಾಕುವವರು, ವೈದ್ಯರು ಇಬ್ಬರೂ ಕಂಡಿದ್ದಾರೆ.

ಕಣ್ಣಿನ ಕೆಳಗಿನ ಊತ: ಮೋಸ ಮಾಡೋ ಗಾಯ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ.

ನಾಯಿಯ ಮೇಲ್ದವಡೆಯಲ್ಲಿ ಎರಡೂ ಕಡೆ ಒಂದೊಂದು ದೊಡ್ಡ ಹಲ್ಲಿದೆ. ಕೋರೆ ಹಲ್ಲಿನಿಂದ ಹಿಂದಕ್ಕೆ ಎಣಿಸಿದರೆ ನಾಲ್ಕನೆಯದು. ಮಾಂಸ ಕತ್ತರಿಸೋ ಕತ್ತರಿಯ ಮೇಲಿನ ಅಲಗು ಇದೇ, ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲು ಕೆಳಗಿನ ಅಲಗು. ಮೇಲಿನ ಈ ಹಲ್ಲಿಗೆ ಮೂರು ಬೇರು, ಅವುಗಳ ತುದಿ ಇರೋದು ಸರಿಯಾಗಿ ಕಣ್ಣಿನ ಕೆಳಗೆ. ಗಟ್ಟಿ ವಸ್ತು ಕಡಿದಾಗ ಹೆಚ್ಚು ಒತ್ತಡ ಬೀಳೋದೂ ಇದರ ಮೇಲೇ. ಆಗ ಹಲ್ಲಿನ ಹೊರಮೈ ಚಪ್ಪಡಿ ಎದ್ದ ಹಾಗೆ ಸೀಳಿಕೊಂಡು ಬರುತ್ತೆ. ತಿರುಳು ತೆರೆದುಕೊಳ್ಳುತ್ತೆ, ಬ್ಯಾಕ್ಟೀರಿಯಾ ಒಳಗೆ ಇಳಿಯುತ್ತೆ, ತಿರುಳು ಸಾಯುತ್ತೆ, ಬೇರಿನ ತುದಿಯಲ್ಲಿ ಕೀವು ಕಟ್ಟುತ್ತೆ. ಆ ಕೀವಿಗೆ ಹೊರಗೆ ಬರೋಕೆ ಹತ್ತಿರದ ದಾರಿ ಕಣ್ಣಿನ ಕೆಳಗಿನ ಚರ್ಮ.

ನಮ್ಮ ಪಕ್ಕದ ತೋಟದಲ್ಲಿ ಐದು ವರ್ಷದ ಒಂದು ನಾಟಿ ನಾಯಿ ಇದೆ. ಎತ್ತಿಗೆ ಲಾಳ ಕಟ್ಟೋ ದಿನ ಕತ್ತರಿಸಿ ಬಿದ್ದ ಗೊರಸಿನ ಚೂರು ಅಂದ್ರೆ ಅದಕ್ಕೆ ಪ್ರಾಣ. ಒಂದು ಬೇಸಿಗೆಯಲ್ಲಿ ಅದರ ಬಲಗಣ್ಣಿನ ಕೆಳಗೆ ಊದಿಕೊಂಡಿತು. ಕಣಜ ಕಚ್ಚಿರಬೇಕು ಅಂದ್ಕೊಂಡ್ರು. ಎರಡು ದಿನಕ್ಕೆ ಒಡೆದು ಕೀವು ಬಂತು. ಅರಿಶಿನ, ಬೇವಿನೆಣ್ಣೆ ಹಚ್ಚಿದ್ರು, ಒಣಗಿತು. ಮೂರು ವಾರ ಬಿಟ್ಟು ಅದೇ ಜಾಗ, ಅದೇ ಊತ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಹಾಕಿದ್ರು, ಮತ್ತೆ ಒಣಗಿತು. ಮೂರನೇ ಸಲ ಒಡೆದಾಗ ಮಳೆಗಾಲ, ನೊಣ ಕೂತು ಗಾಯಕ್ಕೆ ಹುಳ ಬಿದ್ದಿತ್ತು. ಆಗ ವೈದ್ಯರ ಹತ್ರ ಕರೆದುಕೊಂಡು ಹೋದ್ವಿ. ಅವರು ಗಾಯ ನೋಡೋ ಮೊದಲು ತುಟಿ ಎತ್ತಿ ನೋಡಿದ್ರು. ಆ ನಾಲ್ಕನೇ ಹಲ್ಲಿನ ಹೊರಗೋಡೆ ಒಡೆದು ಕಪ್ಪಾಗಿತ್ತು. ಹುಳ ತೆಗೆದು ಗಾಯ ತೊಳೆದು, ಎಕ್ಸ್‌ರೇ ಇರೋ ಆಸ್ಪತ್ರೆಗೆ ಬರೆದುಕೊಟ್ರು. ಹಲ್ಲು ಕಿತ್ತ ಎರಡು ವಾರದಲ್ಲಿ ಕಣ್ಣಿನ ಕೆಳಗಿನ ತೂತು ತಾನಾಗೇ ಮುಚ್ಚಿತು. ಆಮೇಲೆ ಬಂದಿಲ್ಲ.

ಮಾತ್ರೆ ಹಾಕಿದಾಗ ಒಣಗಿ ಮತ್ತೆ ಯಾಕೆ ಬಂತು? ಆಂಟಿಬಯೋಟಿಕ್ ರಕ್ತದ ಮೂಲಕ ಹೋಗಬೇಕು. ಸತ್ತ ಹಲ್ಲಿನ ಒಳಗೆ ರಕ್ತ ಓಡಾಡಲ್ಲ. ಸುತ್ತಲಿನ ಕೀವು ಕಡಿಮೆ ಆಗುತ್ತೆ, ಒಳಗಿನ ಬ್ಯಾಕ್ಟೀರಿಯಾ ಹಾಗೇ ಉಳಿಯುತ್ತೆ. ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಶುರು. ಹಲ್ಲು ಕೀಳಬೇಕು, ಇಲ್ಲ ಬೇರಿನ ನಾಳ ಸ್ವಚ್ಛ ಮಾಡಿ ತುಂಬಬೇಕು. ಮೂರನೇ ದಾರಿ ಇಲ್ಲ. ಹಾಗಾಗಿ ಕಣ್ಣಿನ ಕೆಳಗೆ, ದವಡೆಯ ಅಂಚಿನಲ್ಲಿ ಗಾಯ ಒಣಗಿ ಮತ್ತೆ ಅದೇ ಜಾಗದಲ್ಲಿ ಒಡೆದರೆ ಮೊದಲ ಅನುಮಾನ ಹಲ್ಲಿನ ಮೇಲಿರಲಿ.

ಬೇರೆ ಗಂಭೀರ ತೊಂದರೆಗಳು

ಮೂಗಿಗೆ ದಾರಿ: ಮೇಲಿನ ಕೋರೆ ಹಲ್ಲಿನ ಬೇರಿಗೂ ಮೂಗಿನ ಒಳಭಾಗಕ್ಕೂ ಮಧ್ಯೆ ಇರೋದು ತೆಳುವಾದ ಮೂಳೆ. ವಸಡಿನ ರೋಗ ಅದನ್ನ ಕರಗಿಸಿದರೆ ಬಾಯಿಂದ ಮೂಗಿಗೆ ತೂತು ಬೀಳುತ್ತೆ. ತಿಂದಿದ್ದು, ಕುಡಿದ ನೀರು ಮೂಗಿಗೆ ಹೋಗುತ್ತೆ. ನಾಯಿ ಸೀನುತ್ತಾ ಇರುತ್ತೆ, ಒಂದು ಹೊಳ್ಳೆಯಿಂದ ಕೀವು, ಕೆಲವು ಸಲ ರಕ್ತ. ಹೊರಗಿನಿಂದ ಹಲ್ಲು ಗಟ್ಟಿಯಾಗಿ, ಬಿಳಿಯಾಗಿಯೇ ಕಾಣಬಹುದು, ತೊಂದರೆ ಇರೋದು ಒಳಬದಿಯಲ್ಲಿ. ನೆಗಡಿ ಅಂತ ತಿಂಗಳುಗಟ್ಟಲೆ ಔಷಧ ಹಾಕೋದು ಇಂಥ ಕಡೆಯೇ.

ದವಡೆ ಮುರಿತ: ಚಿಕ್ಕ ತಳಿಯ ಕೆಳದವಡೆಯಲ್ಲಿ ದೊಡ್ಡ ದವಡೆ ಹಲ್ಲಿನ ಬೇರು ಮೂಳೆಯ ಕೆಳ ಅಂಚಿನವರೆಗೂ ಇಳಿದಿರುತ್ತೆ. ಸುತ್ತಲಿನ ಮೂಳೆ ಸವೆದರೆ ಉಳಿಯೋದು ತೆಳು ಪಟ್ಟಿ. ಜಗಲಿಯಿಂದ ಹಾರಿದ್ರೆ, ಗಟ್ಟಿ ಏನಾದ್ರೂ ಕಡಿದ್ರೆ ಸಾಕು, ದವಡೆ ಮುರಿಯುತ್ತೆ. ಆ ಮುರಿತ ಕೂಡೋದೂ ಕಷ್ಟ, ಹಿಡಿಯೋಕೆ ಒಳ್ಳೆ ಮೂಳೆಯೇ ಇರಲ್ಲ.

ಕಣ್ಣಿನ ಹಿಂದೆ ಕೀವು: ಮೇಲ್ದವಡೆಯ ಕೊನೆಯ ಹಲ್ಲುಗಳ ಬೇರು ಕಣ್ಣುಗುಡ್ಡೆಯ ಕೆಳಗೆ, ಹಿಂದೆ ಬರುತ್ತೆ. ಅಲ್ಲಿ ಕೀವಾದರೆ ಕಣ್ಣು ಹೊರಗೆ ತಳ್ಳಿಕೊಂಡು ಬರುತ್ತೆ, ಮೂರನೇ ರೆಪ್ಪೆ ಕಾಣುತ್ತೆ, ಬಾಯಿ ತೆರೆಯೋಕೆ ಹೋದ್ರೆ ನಾಯಿ ಕಿರುಚುತ್ತೆ. ಇದು ಅದೇ ದಿನ ವೈದ್ಯರ ಹತ್ರ ಹೋಗಬೇಕಾದ ಸ್ಥಿತಿ, ತಡವಾದ್ರೆ ಕಣ್ಣೇ ಹೋಗಬಹುದು.

ಹುಟ್ಟದ ಹಲ್ಲು: ಒಂದು ಹಲ್ಲು ಇಲ್ಲ ಅಂದ್ರೆ ಬಿದ್ದೇ ಹೋಗಿದೆ ಅಂತಲ್ಲ, ಮೂಳೆಯೊಳಗೇ ಉಳಿದಿರಬಹುದು. ಅದರ ಸುತ್ತ ನೀರುಗುಳ್ಳೆ ಬೆಳೆದು ಸದ್ದಿಲ್ಲದೆ ದವಡೆ ಮೂಳೆಯನ್ನ ಕರಗಿಸುತ್ತಾ ಹೋಗುತ್ತೆ. ಬಾಕ್ಸರ್, ಪಗ್‌ನಂಥ ಚಪ್ಪಟೆ ಮೂತಿಯ ತಳಿಗಳಲ್ಲಿ, ಅದರಲ್ಲೂ ಕೆಳದವಡೆಯ ಮೊದಲ ಸಣ್ಣ ಹಲ್ಲಿನ ಜಾಗದಲ್ಲಿ, ಇದು ಹೆಚ್ಚು. ಎಕ್ಸ್‌ರೇ ಬಿಟ್ಟು ಬೇರೆ ಯಾವುದರಲ್ಲೂ ತಿಳಿಯಲ್ಲ.

ಬಣ್ಣ ಬದಲಾದ ಹಲ್ಲು: ಕಲ್ಲೇಟು, ಹಂದಿಯ ಜೊತೆ ಗುದ್ದಾಟ, ಗೇಟಿಗೆ ಡಿಕ್ಕಿ. ಹಲ್ಲು ಮುರಿಯದಿದ್ರೂ ಒಳಗೆ ರಕ್ತಸ್ರಾವ ಆಗಿ ಗುಲಾಬಿ, ನೇರಳೆ, ಆಮೇಲೆ ಬೂದು ಬಣ್ಣಕ್ಕೆ ತಿರುಗುತ್ತೆ. ಇಂಥ ಹಲ್ಲುಗಳಲ್ಲಿ ಹೆಚ್ಚಿನವು ಒಳಗೆ ಸತ್ತಿರುತ್ತವೆ.

ಇಡೀ ದೇಹಕ್ಕೆ: ಕೀವಿರೋ ಬಾಯಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತೆ. ತೀವ್ರ ವಸಡಿನ ರೋಗ ಇರೋ ನಾಯಿಗಳ ಹೃದಯ, ಮೂತ್ರಪಿಂಡ, ಯಕೃತ್ತಿನಲ್ಲಿ ಬದಲಾವಣೆ ಹೆಚ್ಚು ಕಂಡಿದೆ ಅಂತ ಅಧ್ಯಯನಗಳಿವೆ. ಹಲ್ಲೇ ಅದಕ್ಕೆ ಕಾರಣ ಅನ್ನೋದು ಪೂರ್ತಿ ಸಾಬೀತಾಗಿಲ್ಲ, ವಯಸ್ಸೂ ಜೊತೆಗಿರುತ್ತೆ. ಹಾಗಂತ ವರ್ಷಗಟ್ಟಲೆ ಸೋಂಕು ಇಟ್ಟುಕೊಂಡಿರೋದು ಯಾವ ದೇಹಕ್ಕೂ ಒಳ್ಳೇದಲ್ಲ. ಸಕ್ಕರೆ ಕಾಯಿಲೆ ಇರೋ ನಾಯಿಗಳಲ್ಲಿ ಬಾಯಿ ಸೋಂಕು ಇದ್ದರೆ ಸಕ್ಕರೆ ಹಿಡಿತಕ್ಕೆ ಬರೋದು ಕಷ್ಟ.

ಗಡ್ಡೆ: ವಯಸ್ಸಾದ ನಾಯಿಯಲ್ಲಿ ಒಂದೇ ಕಡೆ ವಸಡು ಬೆಳೆದು ನಿಂತಿದ್ರೆ, ಕಪ್ಪು ಅಥವಾ ಹೂಕೋಸಿನ ಥರ ಮಾಂಸ ಕಂಡ್ರೆ, ಒಂದೇ ಜಾಗದ ಹಲ್ಲು ಅಲುಗಾಡಿದ್ರೆ ಕ್ಯಾನ್ಸರ್ ಇರಬಹುದು. ಬೇಗ ತೋರಿಸಿದಷ್ಟೂ ಚಿಕಿತ್ಸೆಗೆ ಅವಕಾಶ ಹೆಚ್ಚು.

ಬಾಯಿಗೆ ಕೈ ಹಾಕೋ ಮೊದಲು: ರೇಬೀಸ್ ನೆನಪಿರಲಿ

ಇದನ್ನ ದಯವಿಟ್ಟು ಹಾರಿಸಿ ಓದಬೇಡಿ. ಜೊಲ್ಲು ಸುರಿಸೋದು, ಬಾಯಿ ಮುಚ್ಚಲಾಗದೆ ಕೆಳದವಡೆ ಜೋತು ಬೀಳೋದು, ನುಂಗೋಕೆ ಒದ್ದಾಡೋದು, ಬೊಗಳೋ ದನಿ ಬದಲಾಗೋದು, ಇದ್ದಕ್ಕಿದ್ದಂತೆ ಮೂಲೆ ಸೇರೋದು ಅಥವಾ ಮೈಮೇಲೆ ಬೀಳೋದು, ಇವು ಹುಚ್ಚುನಾಯಿ ರೋಗದ ಲಕ್ಷಣವೂ ಹೌದು. "ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ" ಅಂತ ಬಾಯಿಗೆ ಕೈ ಹಾಕಿ ರೇಬೀಸ್‌ಗೆ ಒಡ್ಡಿಕೊಳ್ಳೋದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ರೋಗದ ಲಕ್ಷಣ ಮನುಷ್ಯರಲ್ಲಿ ಶುರುವಾದ ಮೇಲೆ ಉಳಿಸಿಕೊಳ್ಳೋದು ಅಸಾಧ್ಯ ಅಂತಲೇ ಹೇಳಬೇಕು.

- ಪ್ರತಿ ವರ್ಷ ರೇಬೀಸ್ ಲಸಿಕೆ ಹಾಕಿಸದ ನಾಯಿಯ, ಬೀದಿ ನಾಯಿಯ ಬಾಯಿ ಪರೀಕ್ಷೆ ನೀವು ಮಾಡಬೇಡಿ.
- ಲಸಿಕೆ ಹಾಕಿಸಿದ್ದರೂ ಮೇಲಿನ ಲಕ್ಷಣ ಇದ್ದಕ್ಕಿದ್ದಂತೆ ಕಂಡರೆ ಮುಟ್ಟಬೇಡಿ. ಮಕ್ಕಳನ್ನ ದೂರ ಇಟ್ಟು, ಕಟ್ಟೋಕೆ ಅಥವಾ ಕೂಡಿಹಾಕೋಕೆ ಆಗೋ ಹಾಗಿದ್ರೆ ಹಾಗೆ ಮಾಡಿ, ಪಶುವೈದ್ಯರಿಗೆ ಫೋನ್ ಮಾಡಿ.
- ಕಚ್ಚಿದರೆ, ಪರಚಿದರೆ, ಗಾಯಕ್ಕೆ ಅಥವಾ ಕಣ್ಣು, ಬಾಯಿಗೆ ಜೊಲ್ಲು ತಾಗಿದರೆ ತಕ್ಷಣ ತೊಳೆಯಿರಿ. ಗಾಯವನ್ನ ಹರಿಯೋ ನೀರು, ಸೋಪಿನಲ್ಲಿ 15 ನಿಮಿಷ. ಕಣ್ಣು, ಬಾಯಿಗಾದರೆ ಬರೀ ನೀರು. ಅರಿಶಿನ, ಸುಣ್ಣ, ಕಾರದಪುಡಿ ಏನೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಳಿದ ಎಲ್ಲ ಡೋಸ್ ಮುಗಿಸಿ.

ತಿಂಗಳಿಗೊಮ್ಮೆ ತುಟಿ ಎತ್ತಿ ನೋಡಿ

ಲಸಿಕೆ ಆಗಿರೋ, ನಿಮ್ಮ ಕೈಗೆ ಒಗ್ಗಿರೋ, ಆರೋಗ್ಯವಾಗಿರೋ ನಾಯಿಗೆ ಈ ಪರೀಕ್ಷೆ. ಅಮಾವಾಸ್ಯೆ ದಿನ ಅಂತ ಇಟ್ಟುಕೊಂಡರೆ ಮರೆಯಲ್ಲ. ಎರಡು ನಿಮಿಷದ ಕೆಲಸ.

1. ಹಗಲು ಬೆಳಕಲ್ಲಿ, ನಾಯಿ ಸುಸ್ತಾಗಿ ಕೂತಿರೋ ಹೊತ್ತಲ್ಲಿ ಪಕ್ಕ ಕೂರಿ. ಎದುರಿಗೆ ಬೇಡ.
2. ಮೊದಲು ಮುಖ ನೋಡಿ. ಎರಡೂ ಕಡೆ ಒಂದೇ ಥರ ಇದೆಯಾ? ಕಣ್ಣಿನ ಕೆಳಗೆ, ದವಡೆ ಅಂಚಲ್ಲಿ ಬೆರಳಾಡಿಸಿ. ಉಬ್ಬು, ಬಿಸಿ, ನೋವು ಇದೆಯಾ?
3. ಬಾಯಿ ಮುಚ್ಚಿರುವಂತೆಯೇ ಮೇಲ್ತುಟಿಯನ್ನ ಮೆಲ್ಲಗೆ ಎತ್ತಿ. ಮುಂಭಾಗ, ಬಲ, ಎಡ, ಹೀಗೆ ಮೂರು ನೋಟ. ತುಟಿಯ ಮೂಲೆಯನ್ನ ಹಿಂದಕ್ಕೆ ಎಳೆದರೆ ಆ ನಾಲ್ಕನೇ ದೊಡ್ಡ ಹಲ್ಲು ಕಾಣುತ್ತೆ. ಬಾಯಿ ಅಗಲಿಸೋ ಅಗತ್ಯ ಇಲ್ಲ.
4. ವಸಡು ತಿಳಿ ಗುಲಾಬಿ ಇರಬೇಕು (ಕೆಲವು ನಾಯಿಗಳಲ್ಲಿ ಹುಟ್ಟಿನಿಂದ ಕಪ್ಪು ಮಚ್ಚೆ ಇರುತ್ತೆ, ಅದು ಸಹಜ). ಹಲ್ಲಿನ ಬುಡದಲ್ಲಿ ಕೆಂಪು ಗೆರೆ ಇದ್ದರೆ ರೋಗ ಶುರುವಾಗಿದೆ.
5. ಸವೆದ ಹಲ್ಲಿನ ತುದಿ ನೋಡಿ. ನಡುವೆ ಕಂದು ಬಣ್ಣದ ನುಣುಪು ಚುಕ್ಕೆ ಇದ್ದರೆ ನಿಧಾನ ಸವೆತ, ಹಲ್ಲು ತನ್ನನ್ನ ತಾನೇ ರಕ್ಷಿಸಿಕೊಂಡಿರುತ್ತೆ. ಕೆಂಪು ಚುಕ್ಕೆ ಅಥವಾ ಕಪ್ಪು ತೂತು ಇದ್ದರೆ ತಿರುಳು ತೆರೆದಿದೆ, ವೈದ್ಯರಿಗೆ ತೋರಿಸಿ.
6. ಮೊಬೈಲಲ್ಲಿ ಮೂರು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ತಿಂಗಳು ಹೋಲಿಸೋಕೆ, ವೈದ್ಯರಿಗೆ ಕಳಿಸೋಕೆ ಎರಡಕ್ಕೂ ಆಗುತ್ತೆ.

ಸರಪಳಿ, ಬೋನಿನ ಕಂಬಿ ಕಡಿಯೋ ನಾಯಿಗಳಲ್ಲಿ ಕೋರೆ ಹಲ್ಲಿನ ಹಿಂಬದಿ ಸವೆದು ತೆಳುವಾಗಿರುತ್ತೆ. ಒಂದಿನ ಅದು ಪಟ್ ಅಂತ ಮುರಿಯುತ್ತೆ. ಹಗಲೆಲ್ಲ ಕಟ್ಟಿಹಾಕೋ ನಾಯಿ ಇದ್ದರೆ ಹಿಂಬದಿಯನ್ನೂ ನೋಡಿ.

ವೈದ್ಯರ ಹತ್ರ ಏನು ನಡೆಯುತ್ತೆ

ಎಚ್ಚರ ಇರೋ ನಾಯಿಯಲ್ಲಿ ವೈದ್ಯರು ನೋಡೋಕೆ ಆಗೋದು ಒಂದು ಅಂದಾಜು ಮಾತ್ರ. ಸರಿಯಾದ ಪರೀಕ್ಷೆಗೆ ಅರಿವಳಿಕೆ ಬೇಕು. ಮೊದಲು ರಕ್ತ ಪರೀಕ್ಷೆ, ಅವರು ಹೇಳಿದಷ್ಟು ಗಂಟೆ ಉಪವಾಸ. ಆಮೇಲೆ ಸಣ್ಣ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಸಂದಿನ ಆಳ ಅಳೆದು, ಎಕ್ಸ್‌ರೇ ತೆಗೆದು, ವಸಡಿನ ಮೇಲೆ ಕೆಳಗೆ ಎರಡೂ ಕಡೆ ಸ್ವಚ್ಛ ಮಾಡಿ, ಉಳಿಸೋಕೆ ಆಗದ ಹಲ್ಲು ಕೀಳ್ತಾರೆ. ಬೇರು ಹೆಚ್ಚಿರೋ ಹಲ್ಲನ್ನ ಭಾಗ ಮಾಡಿ ಒಂದೊಂದೇ ಬೇರು ತೆಗೀತಾರೆ. ಸಾಮಾನ್ಯವಾಗಿ ಕರಗೋ ದಾರದ ಹೊಲಿಗೆ ಹಾಕ್ತಾರೆ. ಎರಡು ವಾರ ಮೆತ್ತನೆ ಊಟ, ಕಡಿಯೋಕೆ ಏನೂ ಇಲ್ಲ.

"ಅರಿವಳಿಕೆ ಇಲ್ಲದೆ ಹಲ್ಲು ಕ್ಲೀನ್ ಮಾಡ್ತೀವಿ" ಅಂತ ಪೇಟೆಯಲ್ಲಿ ಬೋರ್ಡ್ ಕಂಡ್ರೆ ನಂಬಬೇಡಿ. ಕಾಣೋ ಹೆಂಟೆ ಕೆರೆದು ಹಲ್ಲು ಬೆಳ್ಳಗೆ ಮಾಡಿದ್ರೆ ವಸಡಿನ ಕೆಳಗಿನ ರೋಗ ಮುಚ್ಚಿಹೋಗುತ್ತೆ ಅಷ್ಟೇ.

ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಹಲ್ಲಿನ ಎಕ್ಸ್‌ರೇ ಸಿಗೋದು ಅಪರೂಪ. ಆದರೂ ಮೊದಲು ಅಲ್ಲೇ ತೋರಿಸಿ, ಎಲ್ಲಿಗೆ ಹೋಗಬೇಕು ಅಂತ ಅವರೇ ಹೇಳ್ತಾರೆ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಗದಗ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹೋಗೋ ಮೊದಲು ಫೋನ್ ಮಾಡಿ ನಾಯಿಯ ಹಲ್ಲಿನ ಚಿಕಿತ್ಸೆ ಯಾವ ದಿನ ಇರುತ್ತೆ ಅಂತ ಕೇಳಿ.

ಇವನ್ನ ಮಾಡಲೇಬೇಡಿ

- ಮನೆಯಲ್ಲಿರೋ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಕೂಡ ಅಳತೆ ಮೀರಿದರೆ ಯಕೃತ್ತಿಗೆ ವಿಷ.
- ಅಲುಗಾಡೋ ಹಲ್ಲನ್ನ ಇಕ್ಕಳದಿಂದ ಕೀಳಬೇಡಿ. ಬೇರು ಮುರಿದು ಒಳಗೆ ಉಳಿಯುತ್ತೆ, ದವಡೆಯೂ ಮುರಿಯಬಹುದು.
- ನಮ್ಮ ಟೂತ್‌ಪೇಸ್ಟ್ ಬೇಡ. ನಾಯಿ ಉಗುಳಲ್ಲ, ನುಂಗುತ್ತೆ. ಫ್ಲೋರೈಡ್ ಒಳ್ಳೇದಲ್ಲ, ಕೆಲವು ಪೇಸ್ಟ್‌ನಲ್ಲಿರೋ ಜೈಲಿಟಾಲ್ ಅನ್ನೋ ಸಿಹಿ ವಸ್ತು ನಾಯಿಗೆ ಪ್ರಾಣಾಪಾಯ.
- ವಸಡಿಗೆ ಹೊಗೆಸೊಪ್ಪು, ಕಡ್ಡಿಪುಡಿ ತಿಕ್ಕಬೇಡಿ, ನಿಕೋಟಿನ್ ನಾಯಿಗೆ ವಿಷ. ಲವಂಗದ ಎಣ್ಣೆ ಬಾಯಿ ಸುಡುತ್ತೆ. ನಾನು ಸಾವಯವ ಕೃಷಿ ಮಾಡೋನು, ಬೇವು, ಅರಿಶಿನದ ಮೇಲೆ ಗೌರವ ಇದೆ. ಆದರೆ ಮೂಳೆಯೊಳಗಿನ ಕೀವಿಗೆ ಮೇಲೆ ಹಚ್ಚೋ ಯಾವ ಸೊಪ್ಪೂ ತಲುಪಲ್ಲ.
- ಹಸುವಿಗೆ ತಂದ ಟೆಟ್ರಾಸೈಕ್ಲಿನ್ ಮಿಕ್ಕಿದೆ ಅಂತ ಮರಿಗೆ, ಗಬ್ಬದ ನಾಯಿಗೆ ಕೊಡಬೇಡಿ. ಬೆಳೆಯೋ ಹಲ್ಲು ಶಾಶ್ವತವಾಗಿ ಹಳದಿ ಬಣ್ಣಕ್ಕೆ ತಿರುಗುತ್ತೆ.

ತಡೆಯೋದು ಹೇಗೆ

ಏನು ಕಡಿಯೋಕೆ ಕೊಡ್ತೀವಿ ಅನ್ನೋದೇ ಅರ್ಧ ಕೆಲಸ. ಒಂದು ಸುಲಭ ಪರೀಕ್ಷೆ: ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಗುರುತು ಬೀಳದಷ್ಟು ಗಟ್ಟಿ ಇದ್ದರೆ ಅದು ನಾಯಿಯ ಹಲ್ಲಿಗೂ ಗಟ್ಟಿ. ಗೊರಸು, ಕೊಂಬು, ದೊಡ್ಡ ಮೂಳೆ, ತೆಂಗಿನ ಚಿಪ್ಪು, ಕಲ್ಲು ಯಾವುದೂ ಬೇಡ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತೆ, ಕೆಲವು ಸಲ ಅಂಗುಳಕ್ಕೆ ಅಡ್ಡಲಾಗಿ ಸಿಕ್ಕಿಕೊಳ್ಳುತ್ತೆ. ಲಾಳ ಕಟ್ಟೋ ದಿನ ಗೊರಸಿನ ಚೂರನ್ನ ಗುಡಿಸಿ ಕಾಂಪೋಸ್ಟ್ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಗಿಡಕ್ಕೆ ಸಾರಜನಕ ಸಿಗುತ್ತೆ, ನಾಯಿಯ ಹಲ್ಲೂ ಉಳಿಯುತ್ತೆ.

ಹಲ್ಲುಜ್ಜೋದಕ್ಕೆ ಸಮನಾದ್ದು ಬೇರೆ ಇಲ್ಲ. ಪಾಚಿ ಎರಡು ಮೂರು ದಿನಕ್ಕೇ ಕಲ್ಲಾಗೋದರಿಂದ ವಾರಕ್ಕೊಮ್ಮೆ ಉಜ್ಜಿದರೆ ಪ್ರಯೋಜನ ಕಡಿಮೆ, ದಿನಾ ಆದರೆ ಒಳ್ಳೇದು. ಮರಿಯಿಂದಲೇ ಶುರು ಮಾಡಿ. ಮೊದಲ ವಾರ ತುಟಿ ಮುಟ್ಟೋದು, ಎರಡನೇ ವಾರ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಹಲ್ಲು ಸವರೋದು, ಆಮೇಲೆ ಮಕ್ಕಳ ಮೆತ್ತನೆ ಬ್ರಷ್. ಹೊರಬದಿ ಮಾತ್ರ ಉಜ್ಜಿದರೂ ಸಾಕು. ಪೇಸ್ಟ್ ಬೇಕಾದ್ರೆ ನಾಯಿಗೆ ಅಂತಲೇ ಸಿಗುತ್ತೆ, ಇಲ್ಲದಿದ್ರೆ ಬರೀ ನೀರು. ವಸಡು ಈಗಾಗಲೇ ಕೆಂಪಾಗಿ ನೋಯ್ತಿದ್ರೆ ಮೊದಲು ಚಿಕಿತ್ಸೆ, ಆಮೇಲೆ ಬ್ರಷ್.

ಮರಿಗಳ ವಿಷಯದಲ್ಲಿ ಎರಡು ಮಾತು. ಡಿಸ್ಟೆಂಪರ್ ಲಸಿಕೆ ತಪ್ಪಿಸಬೇಡಿ, ಹಲ್ಲು ಬೆಳೆಯೋ ವಯಸ್ಸಲ್ಲಿ ಆ ರೋಗ ಬಂದು ಬದುಕಿದ ಮರಿಗಳ ಹಲ್ಲಿನ ಎನಾಮಲ್ ಗುಳಿ ಗುಳಿಯಾಗಿರುತ್ತೆ. ಇನ್ನು 7 ತಿಂಗಳಾದ್ರೂ ಹಾಲಿನ ಕೋರೆ ಹಲ್ಲು ಬೀಳದೆ ಹೊಸದರ ಪಕ್ಕ ಜೋಡಿಯಾಗಿ ನಿಂತಿದ್ರೆ ತೆಗೆಸಿ, ಸಂದಿನಲ್ಲಿ ಕೂದಲು, ಅನ್ನ ಸೇರಿ ಎರಡೂ ಹಾಳಾಗುತ್ತವೆ.

ಸಾಮಾನ್ಯವಾಗಿ ಕೇಳೋ ಪ್ರಶ್ನೆಗಳು

ಹಲ್ಲು ಕಿತ್ತರೆ ನಾಯಿ ಹೇಗೆ ತಿನ್ನುತ್ತೆ, ಕಾವಲು ಹೇಗೆ ಕಾಯುತ್ತೆ?
ನೋಯೋ ಹಲ್ಲು ಇಟ್ಟುಕೊಂಡಿರೋದಕ್ಕಿಂತ ಹಲ್ಲಿಲ್ಲದೆ ಚೆನ್ನಾಗಿ ತಿನ್ನುತ್ತೆ. ಅದರಲ್ಲೂ ಮುದ್ದೆ, ಅನ್ನ ತಿನ್ನೋ ನಾಯಿಗೆ ತೊಂದರೆಯೇ ಇಲ್ಲ. ಕಾವಲಿಗೆ ಬೇಕಾದ್ದು ಕಿವಿ, ಮೂಗು, ಗಂಟಲು. ಅವು ಎಲ್ಲೂ ಹೋಗಿಲ್ಲ.

ಹತ್ತು ವರ್ಷದ ನಾಯಿಗೆ ಅರಿವಳಿಕೆ ಕೊಡಿಸಬಹುದಾ?
ವಯಸ್ಸೊಂದೇ ಅಡ್ಡಿ ಅಲ್ಲ. ರಕ್ತ ಪರೀಕ್ಷೆ, ಹೃದಯ ನೋಡಿ ವೈದ್ಯರು ಹೇಳ್ತಾರೆ. ಅಪಾಯ ಸೊನ್ನೆ ಅಲ್ಲ, ಆದರೆ ದಿನಾ ಕೀವು ನುಂಗೋದರಲ್ಲೂ ಅಪಾಯ ಇದೆ. ಎರಡನ್ನೂ ತೂಗಿ ತೀರ್ಮಾನ ಮಾಡಿ.

ಬಾಯಿ ವಾಸನೆ ನಾಯಿಗೆ ಸಹಜ ಅಲ್ವಾ?
ಅಲ್ಲ. ಸ್ವಲ್ಪ ನಾಯಿ ವಾಸನೆ ಬೇರೆ, ಕೊಳೆತ ವಾಸನೆ ಬೇರೆ. ಎರಡನೆಯದು ಸೋಂಕಿನ ಸೂಚನೆ. ಮೂತ್ರಪಿಂಡದ ತೊಂದರೆಯಲ್ಲೂ ಬಾಯಿ ವಾಸನೆ ಬರುತ್ತೆ, ಹಾಗಾಗಿ ಎರಡು ರೀತಿಯಲ್ಲೂ ತೋರಿಸೋದು ಒಳ್ಳೇದು.

ಈ ವಾರ ಮಾಡಬೇಕಾದ್ದು

ನಾಯಿಯ ರೇಬೀಸ್ ಲಸಿಕೆಯ ಕಾರ್ಡ್ ಹುಡುಕಿ, ತಾರೀಖು ನೋಡಿ. ವರ್ಷ ದಾಟಿದ್ರೆ ಮೊದಲು ಅದನ್ನ ಹಾಕಿಸಿ. ಹಾಕಿಸೋಕೆ ಹೋದ ದಿನವೇ "ಸರ್, ಬಾಯಿ ಒಂದ್ಸಲ ನೋಡ್ತೀರಾ?" ಅಂತ ಕೇಳಿ. ಮನೆಗೆ ಬಂದ ಮೇಲೆ ತಿಂಗಳಿಗೊಮ್ಮೆ ನೀವೇ ತುಟಿ ಎತ್ತಿ ನೋಡೋ ಅಭ್ಯಾಸ ಮಾಡಿ. ಊಟ ಹಾಕಿದ ಮೇಲೆ ಎರಡು ನಿಮಿಷ ನಿಂತು ಹೇಗೆ ತಿಂತಿದೆ ಅಂತ ಗಮನಿಸಿ. ಖರ್ಚಿಲ್ಲದ ಕೆಲಸ ಇದು, ಹೆಚ್ಚಿನ ತೊಂದರೆ ಇಲ್ಲೇ ಸಿಕ್ಕಿಬೀಳುತ್ತೆ.